ಗೇಣುದ್ದದ ಮೋಟಾರುಗಾಡಿ

ದೊಡ್ಡದನ್ನು ಚಿಕ್ಕದಾಗಿ ಮಾಡಿ ಕೈಯಲ್ಲಿ ಹಿಡಿದು ನೋಡಬೇಕೆಂಬ ಆಸೆ ಮನುಷ್ಯನಿಗೆ ಹೊಸದಲ್ಲ. ತೇರನ್ನು ಕಂಡು ಬಂದ ಮಗುವು ಮರುದಿನವೇ ತೆಂಗಿನ ಚಿಪ್ಪಿಗೆ ದಾರ ಕಟ್ಟಿ ಅಂಗಳದಲ್ಲಿ ತೇರೆಳೆಯುತ್ತದೆ. ಕಡಲನ್ನು ನಂಬಿ ಬದುಕಿದ ಜನರು ಸೀಸೆಯೊಳಗೆ ಹಡಗನ್ನು ಕಟ್ಟಿದರು. ಮೋಟಾರುಗಾಡಿಯನ್ನು ಮನೆಯ ಮಂದಿಯಲ್ಲೊಬ್ಬನೆಂಬಂತೆ ಪ್ರೀತಿಸಿದ ಅಮೆರಿಕೆಯ ಜನರು ಅದನ್ನು ಗೇಣುದ್ದಕ್ಕಿಳಿಸಿ ಊಟದ ಮೇಜಿನ ಮೇಲೆ ಕಟ್ಟತೊಡಗಿದರೆಂದರೆ ಅದರಲ್ಲಿ ಆಶ್ಚರ್ಯವೇನಿದೆ?

ಗೇಣುದ್ದವೆಂದುದು ಬರಿಯ ಮಾತಿನ ಅಲಂಕಾರವಲ್ಲ. ಈ ಪ್ರತಿಕೃತಿಗಳಲ್ಲಿ ಬಹುಪಾಲನ್ನು ನಿಜವಾದ ಕಾರಿನ ಇಪ್ಪತ್ತೈದರಲ್ಲಿ ಒಂದು ಪಾಲಿನ ಅಳತೆಗೆ ಮಾಡಿರುತ್ತಾರೆ. ೧೯೫೭ರ ಷೆವ್ರೊಲೆ ಬೆಲ್ ಏರ್ ಎಂಬ ಕಾರಿನ ಉದ್ದ ೨೦೦ ಅಂಗುಲ. ಅದರ ಪ್ರತಿಕೃತಿಯ ಉದ್ದ ೮ ಅಂಗುಲ. ೧೯೫೯ರ ಕ್ಯಾಡಿಲಾಕ್ ಕಾರಿನ ಉದ್ದ ೨೨೫ ಅಂಗುಲ; ಅದರ ಪ್ರತಿಕೃತಿಯ ಉದ್ದ ೯ ಅಂಗುಲ, ಅಂದರೆ ಸರಿಯಾಗಿ ಒಂದು ಗೇಣು. ಪೆಟ್ಟಿಗೆಯೊಂದರಲ್ಲಿ ಬಿಡಿ ಬಿಡಿಯಾಗಿ ದೊರೆಯುವ ಭಾಗಗಳನ್ನು ಕೂಡಿಸಿ ಇಂತಹ ಕಾರನ್ನು ಕಟ್ಟುವುದು, ಕಟ್ಟುವಾಗ ತನ್ನ ಮನಸ್ಸಿಗೆ ಬಂದಂತೆ ಅದನ್ನು ಮಾರ್ಪಡಿಸುವುದು, ಇವೆರಡೂ ಸೇರಿ ಒಂದು ದೊಡ್ಡ ಹವ್ಯಾಸವಾಗಿ ಬೆಳೆದಿವೆ. ಇದು ಮಕ್ಕಳಾಟವೆಂದು ತಳ್ಳಿಹಾಕುವವರು ಅದರ ಚರಿತ್ರೆಯನ್ನು ತುಸು ಪರಿಶೀಲಿಸಿದರೆ ತಮ್ಮ ಅಭಿಪ್ರಾಯವನ್ನು ಬದಲಿಸಿಕೊಳ್ಳಬಹುದು.

ಮೊದಲು ಪ್ರತಿಕೃತಿ, ಆಮೇಲೆ ಕಾರು

ಚಿಕ್ಕ ಕಾರು ದೊಡ್ಡ ಕಾರಿನ ನಕಲೆಂದು ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ಅಮೆರಿಕೆಯ ಮೋಟಾರು ಉದ್ಯಮದಲ್ಲಿ ನಡೆದುದು ಇದಕ್ಕೆ ವಿರುದ್ಧ. ೧೯೨೭ರಲ್ಲಿ ಜನರಲ್ ಮೋಟಾರ್ಸ್ ಕಂಪೆನಿಯು ಕಾರುಗಳ ರೂಪವನ್ನೂ ಬಣ್ಣವನ್ನೂ ನಿರ್ಣಯಿಸುವುದಕ್ಕಾಗಿಯೇ ಒಂದು ವಿಭಾಗವನ್ನು ತೆರೆದು, ಹಾರ್ಲಿ ಅರ್ಲ್ ಎಂಬವರನ್ನು ಅದರ ಮುಖ್ಯಸ್ಥರನ್ನಾಗಿ ನೇಮಿಸಿತು. ಅವರು ಹೊಸ ಕಾರಿನ ಆಕಾರವನ್ನು ಜೇಡಿಯಂತಹ ಮೆದುವಾದ ಮಣ್ಣಿನಲ್ಲಿ ರೂಪಿಸಿ, ತಿದ್ದಿ, ತೀಡಿ, ಕಣ್ಣಿಗೆ ಒಪ್ಪಿದ ಮೇಲೆಯೇ ತಗಡಿನ ಕೆಲಸಕ್ಕೆ ಕಳುಹಿಸುತ್ತಿದ್ದರು. ಆದುದರಿಂದ ರಸ್ತೆಯ ಮೇಲೆ ಓಡಿದ ಕಾರೇ ಒಂದು ಪ್ರತಿಕೃತಿಯ ಮಗುವೆಂದು ಹೇಳಿದರೂ ಸಲ್ಲುತ್ತದೆ.

ವರ್ಷಕ್ಕೊಮ್ಮೆ ಕಾರಿನ ರೂಪವನ್ನು ಬದಲಿಸಿ, ಹಳೆಯದರ ಮೇಲೆ ಗಿರಾಕಿಗೆ ಬೇಸರವನ್ನೂ ಹೊಸದರ ಮೇಲೆ ಮೋಹವನ್ನೂ ಹುಟ್ಟಿಸುವುದು ಆ ಕಂಪೆನಿಯ ಮುಖ್ಯಸ್ಥರಾಗಿದ್ದ ಆಲ್ಫ್ರೆಡ್ ಸ್ಲೋನರ ನೀತಿಯಾಗಿದ್ದಿತು. ಉಳಿದ ಕಂಪೆನಿಗಳೂ ಅದೇ ಹಾದಿಯನ್ನು ಹಿಡಿದುವು. ಎರಡನೆಯ ಮಹಾಯುದ್ಧದ ಪಿ-೩೮ ಎಂಬ ವಿಮಾನದ ಬಾಲವನ್ನು ಕಂಡು ಮೆಚ್ಚಿ, ೧೯೪೮ರ ಕ್ಯಾಡಿಲಾಕಿನ ಹಿಂಬದಿಯಲ್ಲಿ ಮೀನಿನ ಈಜುರೆಕ್ಕೆಯಂತಹ ಎರಡು ಚಿಕ್ಕ ಏಣುಗಳನ್ನು ಎಬ್ಬಿಸಿದರು. ಅವು ವರ್ಷದಿಂದ ವರ್ಷಕ್ಕೆ ಬೆಳೆದು ೧೯೫೯ರ ಹೊತ್ತಿಗೆ ಆಳಿನ ಸೊಂಟಕ್ಕೂ ಮೀರಿ ನಿಂತುವು. ಮೂತಿಯ ತುಂಬ ಕ್ರೋಮಿಯಂ ಹಲ್ಲುಗಳು, ಮೈಗೆ ಎರಡು ಬಣ್ಣ, ಹಿಂದೆ ವಿಮಾನದ ಬಾಲ! ಇಂತಹ ವೈಭವದ ಕಾರು ಒಂದೆರಡು ವರ್ಷಗಳಲ್ಲೇ ಹಳತಾಗಿ ಮೂಲೆ ಸೇರುತ್ತಿದ್ದಿತು. ಅದನ್ನು ಕೊಳ್ಳುವ ವಯಸ್ಸಾಗಲಿ ಹಣವಾಗಲಿ ಇಲ್ಲದ ಹುಡುಗರಿಗೆ ಅದರ ಮೇಲಿನ ಆಸೆ ಮಾತ್ರ ಹಳತಾಗಲಿಲ್ಲ. ಈ ಹವ್ಯಾಸದ ಬೇರು ಇಲ್ಲಿದೆ.

ಮರದಲ್ಲಿ ಕೊರೆದ ಸಾರೋಟು

ಪ್ಲಾಸ್ಟಿಕ್ಕಿನ ಪೆಟ್ಟಿಗೆಗಳು ಬರುವುದಕ್ಕೆ ಬಹಳ ಮೊದಲೇ ಅಮೆರಿಕೆಯ ಹುಡುಗರ ಕೈಗೆ ಈ ಕೆಲಸವನ್ನು ಹಚ್ಚಿದುದು ಫಿಷರ್ ಬಾಡಿ ಎಂಬ ಸಂಸ್ಥೆ. ಜನರಲ್ ಮೋಟಾರ್ಸಿನ ಕಾರುಗಳಿಗೆ ಮೇಲ್ಮೈಯನ್ನು ಕಟ್ಟಿಕೊಡುತ್ತಿದ್ದ ಈ ಸಂಸ್ಥೆಯು ೧೯೩೦ರಲ್ಲಿ ‘ಕುಶಲಿಗರ ಸಂಘ’ವೆಂಬ ಅರ್ಥದ ಹೆಸರಿನಿಂದ ಒಂದು ಸ್ಪರ್ಧೆಯನ್ನು ಹೂಡಿತು. ಸಂಸ್ಥೆಯ ಲಾಂಛನದಲ್ಲಿದ್ದ ನೆಪೋಲಿಯನ್ನನ ಕಾಲದ ರಾಜಸಾರೋಟನ್ನು ಹದಿನೆಂಟರಲ್ಲಿ ಒಂದು ಪಾಲಿನ ಅಳತೆಗೆ ಮಾಡಿ ಕಳುಹಿಸಬೇಕೆಂಬುದು ಪಂಥ. ಚಕ್ರದ ಅರೆಕಾಲುಗಳನ್ನು ಮರದಲ್ಲಿ ಕೊರೆಯಬೇಕು. ಒಳಗಿನ ಗಾದಿಯನ್ನು ಹೊಲಿಯಬೇಕು. ಲೋಹದ ಅಲಂಕಾರಗಳನ್ನು ಎರಕ ಹೊಯ್ಯಬೇಕು. ಎಲ್ಲವೂ ಹುಡುಗನ ಸ್ವಂತ ಕೈಯಿಂದಲೇ ಆಗತಕ್ಕದ್ದು. ಗೆದ್ದವರಿಗೆ ವಿಶ್ವವಿದ್ಯಾನಿಲಯದ ವಿದ್ಯಾರ್ಥಿವೇತನ ದೊರೆಯುತ್ತಿದ್ದಿತು. ಆಗಿನ ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ಬಡ ಮನೆಯ ಹುಡುಗನಿಗೆ ಅದು ಬಾಳಿನ ಬಾಗಿಲೇ ತೆರೆದಂತೆ.

೧೯೩೭ರಿಂದ ಈ ಸ್ಪರ್ಧೆಗೆ ಇನ್ನೊಂದು ಶಾಖೆ ಸೇರಿತು. ಇದ್ದುದನ್ನು ಇದ್ದಂತೆಯೇ ಮಾಡುವುದರ ಬದಲು, ಎಲ್ಲಿಯೂ ಇಲ್ಲದ ಕಾರೊಂದನ್ನು ತಾನೇ ಕಲ್ಪಿಸಿ ಅದರ ಪ್ರತಿಕೃತಿಯನ್ನು ಮಾಡುವುದು. ಕಾಲಕ್ರಮದಲ್ಲಿ ಸಾರೋಟು ಹಿಂದೆ ಬಿದ್ದು ಕಲ್ಪನೆಯ ಕಾರೇ ಮುಂದೆ ನಿಂತಿತು. ೧೯೪೭ರಲ್ಲಿ ಬಹುಮಾನ ಪಡೆದ ಚಾರ್ಲ್ಸ್ ಜೋರ್ಡನ್ ಎಂಬ ತರುಣರು ಜನರಲ್ ಮೋಟಾರ್ಸನ್ನು ಸೇರಿ, ೧೯೮೬ರಲ್ಲಿ ಅದರ ರೂಪನಿರ್ಮಾಣ ವಿಭಾಗದ ಉಪಾಧ್ಯಕ್ಷರಾದರು. ಈ ಸ್ಪರ್ಧೆಯಿಂದ ಬಂದ ಇನ್ನೂ ಅನೇಕರು ಆ ಉದ್ಯಮದಲ್ಲಿ ಹೆಸರು ಮಾಡಿದರು. ೧೯೬೮ರಲ್ಲಿ ಸ್ಪರ್ಧೆ ನಿಂತುಹೋಯಿತು. ಅದು ಹುಡುಗರಿಗೆ ಮಾತ್ರ ತೆರೆದಿದ್ದಿತೆಂಬುದು ಆ ಕಾಲದ ಒಂದು ಕೊರತೆ. ಆ ಕೊರತೆಯನ್ನು ನಮ್ಮ ಮನೆಗಳು ಉಳಿಸಿಕೊಳ್ಳಬೇಕಾದುದಿಲ್ಲ.

ಒಂದೇ ಪೆಟ್ಟಿಗೆ, ಮೂರು ಹಾದಿ

ಇನ್ನು ಪೆಟ್ಟಿಗೆಯ ಕಾರಿನ ವಿಚಾರ. ೧೯೪೮ರಲ್ಲಿ ಡೆಟ್ರಾಯಿಟ್ ಪ್ರಾಂತದಲ್ಲಿ ‘ಅಲ್ಯೂಮಿನಂ ಮಾಡೆಲ್ ಟಾಯ್ಸ್’ ಎಂಬ ಕಂಪೆನಿ ಹುಟ್ಟಿತು. ಅದು ಫೋರ್ಡ್ ಕಾರಿನ ಚಿಕ್ಕ ಪ್ರತಿಕೃತಿಯನ್ನು ಅಲ್ಯೂಮಿನಿಯಂನಲ್ಲಿ ಎರಕ ಹೊಯ್ದು ಕಾರು ಮಾರುವ ಅಂಗಡಿಗಳಿಗೆ ಒದಗಿಸಿತು. ತಂದೆಯು ಹೊಸ ಕಾರಿನ ಬೆಲೆಯನ್ನು ವಿಚಾರಿಸುತ್ತಿರುವಾಗ ಮಗನ ಕೈಗೆ ಈ ಗೊಂಬೆ ಕಾರು. ಮನೆಗೆ ಹೋದ ಮೇಲೆ ಅಂಗಡಿಯವನ ಪರವಾಗಿ ವಾದಿಸುವುದಕ್ಕೆ ಇದಕ್ಕಿಂತ ಸಮರ್ಥನಾದ ವಕೀಲನು ಇನ್ನಾವನು? ಬೇಗನೆ ಅಲ್ಯೂಮಿನಿಯಂ ಹೋಗಿ ಪ್ಲಾಸ್ಟಿಕ್ ಬಂದಿತು. ಕಂಪೆನಿಯ ಹೆಸರೂ ಎಎಂಟಿ ಎಂದು ಮೊಟಕಾಯಿತು. ಇದೇ ಕಾಲದಲ್ಲಿ ಕ್ಯಾಲಿಫೋರ್ನಿಯದ ರೆವೆಲ್, ಷಿಕಾಗೊ ನಗರದ ಮಾನೊಗ್ರಾಂ, ಡೆಟ್ರಾಯಿಟಿನ ಜೋ-ಹ್ಯಾನ್ ಎಂಬ ಕಂಪೆನಿಗಳೂ ತಲೆಯೆತ್ತಿದುವು.

೧೯೫೮ರಲ್ಲಿ ಎಎಂಟಿ ಕಂಪೆನಿಗೆ ಒಂದು ಒಳ್ಳೆಯ ಯೋಚನೆ ಹೊಳೆಯಿತು. ಸಿದ್ಧವಾದ ಕಾರಿನ ಬದಲು ಅದರ ಬಿಡಿಭಾಗಗಳನ್ನೇ ಪೆಟ್ಟಿಗೆಯಲ್ಲಿಟ್ಟು ಮಾರಿದರೆ ಹೇಗೆ? ಭಾಗಗಳನ್ನಿಡುವಾಗ ಒಂದಕ್ಕೆ ಮೂರಾಗಿ ಇಟ್ಟರೆ ಹೇಗೆ? ಹೀಗೆ ‘ಒಂದರಲ್ಲಿ ಮೂರು’ ಎಂಬ ಪೆಟ್ಟಿಗೆ ಹುಟ್ಟಿತು. ಬೇಕೆಂದವನು ಅದನ್ನು ಕಾರ್ಖಾನೆಯಿಂದ ಬಂದ ಕಾರಿನಂತೆ ಕಟ್ಟಬಹುದು; ಬೇಕೆಂದವನು ವಿಶೇಷವಾದ ಚಕ್ರ, ಮೂತಿ, ದೀಪಗಳನ್ನು ಜೋಡಿಸಿ ಅಲಂಕಾರದ ಕಾರಾಗಿ ಕಟ್ಟಬಹುದು; ಇಲ್ಲವೆ ಪಂದ್ಯದ ಕಾರಾಗಿ ಕಟ್ಟಬಹುದು. ಬೆಲೆ ಸುಮಾರು ಒಂದೂವರೆ ಡಾಲರು. ಮರುವರ್ಷ, ಅಂದರೆ ೧೯೫೯ರಲ್ಲಿ, ಅದೇ ಕಂಪೆನಿ ೧೯೩೨ರ ಫೋರ್ಡ್ ಕಾರಿನ ಪೆಟ್ಟಿಗೆಯನ್ನು ಹೊರತಂದಿತು. ಆ ಕಾರಿನ ಆಯ್ಕೆಗೆ ಕಾರಣವಿದ್ದಿತು. ಎಂಟು ಸಿಲಿಂಡರುಗಳ ಬಲವಾದ ಎಂಜಿನನ್ನು ಸಾಮಾನ್ಯ ಜನರ ಕೈಗೆ ಎಟುಕುವ ಬೆಲೆಗೆ ಮೊದಲು ತಂದ ಕಾರು ಅದೇ. ಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯದ ತರುಣರು ಅಂತಹ ಹಳೆಯ ಫೋರ್ಡುಗಳನ್ನು ಅಗ್ಗವಾಗಿ ಕೊಂಡು, ಭಾರದ ಭಾಗಗಳನ್ನು ಕಿತ್ತೆಸೆದು, ಎಂಜಿನನ್ನು ಹುರಿಗೊಳಿಸಿ ಒಣಗಿದ ಕೆರೆಯ ಬಯಲುಗಳಲ್ಲಿ ಓಡಿಸುತ್ತಿದ್ದರು.

ಇನ್ನು ಕೆಲವರಿಗೆ ವೇಗಕ್ಕಿಂತ ಚೆಲುವಿನ ಮೇಲೆ ಮನಸ್ಸು. ಜಾರ್ಜ್ ಬ್ಯಾರಿಸ್ ಮತ್ತು ಸ್ಯಾಂ ಬ್ಯಾರಿಸ್ ಎಂಬ ಸೋದರರು ಈ ವಿದ್ಯೆಯಲ್ಲಿ ಪ್ರಸಿದ್ಧರಾದರು. ೧೯೫೨ರಲ್ಲಿ ಅವರ ಕಾರ್ಯಾಗಾರದಲ್ಲಿ ೧೯೫೧ರ ಒಂದು ಮರ್ಕ್ಯುರಿ ಕಾರಿನ ಮಾಡು ತಗ್ಗಿತು. ಬಾಗಿಲುಗಳ ನಡುವಿನ ಕಂಬ ಮಾಯವಾಯಿತು. ಪಕ್ಕಕ್ಕೆ ಬ್ಯೂಯಿಕ್ ಕಾರಿನ ಹೊಳೆಯುವ ಪಟ್ಟಿ ಏರಿತು. ಅದರ ಒಡೆಯರ ಹೆಸರಿನಿಂದ ‘ಹಿರೋಹಾಟಾ ಮರ್ಕ್ಯುರಿ’ ಎಂದು ಕರೆಯಲ್ಪಡುವ ಆ ಕಾರು ಇಂದಿಗೂ ಮಾರ್ಪಾಡಿನ ಕಲೆಗೆ ಒಂದು ಮೇಲ್ಪಂಕ್ತಿ. ಜಾರ್ಜ್ ಬ್ಯಾರಿಸರನ್ನು ಎಎಂಟಿ ಕಂಪೆನಿ ತನ್ನ ಪೆಟ್ಟಿಗೆಗಳಿಗೆ ಸಲಹೆಗಾರರನ್ನಾಗಿ ಮಾಡಿಕೊಂಡಿತು. ನಿಜವಾದ ಕಾರನ್ನು ಕತ್ತರಿಸಲು ಬೇಕಾದ ಹಣ, ಕುಲುಮೆ, ಬಲ ಯಾವುದೂ ಇಲ್ಲದ ಹನ್ನೆರಡು ವರ್ಷದ ಬಾಲಕನೂ ಈಗ ಅದೇ ಕೆಲಸವನ್ನು ಸಣ್ಣ ಗರಗಸದಿಂದ ಮಾಡಬಹುದಾಯಿತು.

ಕೆಲಸದ ಕ್ರಮ

ಈ ಕೆಲಸದ ಸ್ವರೂಪವನ್ನು ಅರಿಯದೆ ಅದರ ಬೆಲೆ ತಿಳಿಯದು. ಆದುದರಿಂದ ಅದನ್ನು ಸ್ವಲ್ಪ ವಿವರವಾಗಿ ಹೇಳುವೆವು.

ಪೆಟ್ಟಿಗೆಯನ್ನು ತೆರೆದರೆ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಕಡ್ಡಿಚೌಕಟ್ಟುಗಳು ಕಾಣುತ್ತವೆ. ಬಳ್ಳಿಯಲ್ಲಿ ಕಾಯಿ ಬಿಟ್ಟಂತೆ ಭಾಗಗಳು ಅವುಗಳಿಗೆ ಅಂಟಿಕೊಂಡಿರುತ್ತವೆ. ಕರಗಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿನೊಳಕ್ಕೆ ಬಲವಾದ ಒತ್ತಡದಿಂದ ತುಂಬಿ ಇವುಗಳನ್ನು ತೆಗೆದಿರುತ್ತಾರೆ. ಭಾಗಗಳನ್ನು ತಿರುಚಿ ಮುರಿಯಬಾರದು. ಕತ್ತರಿಸಿ ತೆಗೆದು, ಉಳಿದ ಮೊಳೆಯನ್ನು ಅರದಿಂದಲೂ ಮರಳು ಕಾಗದದಿಂದಲೂ ತೀಡಬೇಕು. ಅಚ್ಚಿನ ಜಿಡ್ಡು ಹೋಗುವಂತೆ ಸಾಬೂನಿನ ನೀರಿನಲ್ಲಿ ತೊಳೆದು ಒಣಗಿಸಬೇಕು. ಇದಕ್ಕೆ ಬಳಸುವ ಅಂಟು ನಮ್ಮ ಸರಿಯಂತೆ ಎರಡರ ನಡುವೆ ಕುಳಿತು ಹಿಡಿಯುವುದಲ್ಲ. ಎರಡು ಅಂಚುಗಳನ್ನೂ ತುಸು ಕರಗಿಸಿ ಒಂದರೊಳಗೊಂದು ಬೆಸೆಯುವಂತೆ ಮಾಡುತ್ತದೆ. ಆದುದರಿಂದ ಅದನ್ನು ಹೆಚ್ಚು ಸುರಿದರೆ ಭಾಗವೇ ಕರಗೀತು. ಕಿಟಕಿಯ ಗಾಜುಗಳಿಗಂತೂ ಅದು ಸಲ್ಲದು. ಅವಕ್ಕೆ ಮರಕ್ಕೆ ಹಚ್ಚುವ ಬಿಳಿಯ ಅಂಟೇ ಕ್ಷೇಮ.

ಈಗ ಮಾರ್ಪಾಡಿಗೆ ಬರೋಣ. ನಿಜವಾದ ಕಾರಿನ ಮಾಡನ್ನು ನಾಲ್ಕು ಅಂಗುಲ ತಗ್ಗಿಸಿದರೆ ಅದರ ನೋಟವೇ ಬೇರೆಯಾಗುತ್ತದೆ. ಗೇಣುದ್ದದ ಕಾರಿನಲ್ಲಿ ಆ ನಾಲ್ಕು ಅಂಗುಲವು ಕೇವಲ ನಾಲ್ಕು ಮಿಲಿಮೀಟರು. ಅಷ್ಟನ್ನು ಕಂಬಗಳಿಂದ ಕೊಯ್ದು ಮಾಡನ್ನು ಕೆಳಗೆ ಕೂರಿಸಿದರಾಯಿತೆಂದು ಹೊಸಬನು ಎಣಿಸುತ್ತಾನೆ. ಕೂರಿಸಿ ನೋಡಿದಾಗ ಕಂಬಗಳು ಒಂದಕ್ಕೊಂದು ಕೂಡುವುದಿಲ್ಲ! ಏಕೆಂದರೆ ಮುಂದಿನ ಕಂಬವೂ ಹಿಂದಿನ ಕಂಬವೂ ಒಳಕ್ಕೆ ವಾಲಿರುತ್ತವೆ. ಮೇಲೆ ಮಾಡು ಚಿಕ್ಕದು, ಕೆಳಗೆ ಮೈ ದೊಡ್ಡದು. ಆಗ ಮಾಡನ್ನು ನಡುವೆ ಸೀಳಿ ತುಂಡೊಂದನ್ನು ಸೇರಿಸಿ ಉದ್ದಮಾಡಬೇಕು, ಇಲ್ಲವೆ ಕಂಬಗಳನ್ನು ಇನ್ನಷ್ಟು ವಾಲಿಸಬೇಕು. ಬ್ಯಾರಿಸ್ ಸೋದರರಿಗೆ ಉಕ್ಕಿನಲ್ಲಿ ಎದುರಾದ ಪ್ರಶ್ನೆಯೂ ಇದೇ. ರೇಖಾಗಣಿತವನ್ನು ಕಪ್ಪುಹಲಗೆಯ ಮೇಲೆ ಕಂಡು ಬೇಸತ್ತ ಬಾಲಕನು ಇಲ್ಲಿ ಅದನ್ನು ತಾನಾಗಿ ಹುಡುಕಿಕೊಂಡು ಹೋಗುತ್ತಾನೆ. ಸೇರಿಕೆಯ ಬಿರುಕುಗಳಿಗೆ, ಬಣ್ಣಗಾರರು ಗೋಡೆಗೆ ಮೆತ್ತುವ ಪುಟ್ಟಿಯಂತಹ ಲೇಪವೊಂದನ್ನು ತುಂಬಿ, ಒಣಗಿದ ಬಳಿಕ ಬೆರಳಿಗೆ ಏಣು ತಾಕದಂತೆ ಉಜ್ಜಬೇಕು. ಕಣ್ಣು ಮೋಸಹೋದರೂ ಬೆರಳು ಮೋಸಹೋಗುವುದಿಲ್ಲವೆಂಬುದು ಈ ಕೆಲಸದಲ್ಲಿ ಬೇಗ ತಿಳಿಯುತ್ತದೆ.

ಬಣ್ಣದಲ್ಲಿ ಲೆಕ್ಕಾಚಾರವು ಇನ್ನೂ ಸೂಕ್ಷ್ಮ. ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲಿನಷ್ಟು ದಪ್ಪವಾಗಿ ಬಣ್ಣ ಹಚ್ಚಿದೆವೆನ್ನಿರಿ. ನಿಜವಾದ ಕಾರಿನ ಅಳತೆಗೆ ಏರಿಸಿದರೆ ಅದು ಒಂದೂಕಾಲು ಮಿಲಿಮೀಟರು, ಅಂದರೆ ತಗಡಿಗಿಂತಲೂ ದಪ್ಪವಾದ ಬಣ್ಣವಾಯಿತು! ಬಾಗಿಲಿನ ಸಂದುಗಳೂ ಅಕ್ಷರಗಳೂ ಅದರಲ್ಲಿ ಮುಳುಗಿಹೋಗುತ್ತವೆ. ಆದುದರಿಂದ ಮೊದಲು ಬೂದುಬಣ್ಣದ ತಳಲೇಪ, ಆಮೇಲೆ ತೆಳುವಾಗಿ ಹಲವು ಸಲ ಬಣ್ಣದ ಸಿಂಪರಣೆ, ಪ್ರತಿಸಲವೂ ಒಣಗುವ ತನಕ ಕಾಯುವುದು, ಕೊನೆಗೆ ನುಣುಪಾದ ಬಟ್ಟೆಯಿಂದ ಮೆರುಗು, ಇದು ಕ್ರಮ. ತಾಳಿದವನು ಬಾಳಿಯಾನು ಎಂಬ ಗಾದೆಯು ಇಲ್ಲಿ ಪ್ರತ್ಯಕ್ಷ. ಕ್ರೋಮಿಯಂ ಪಟ್ಟಿಗಳನ್ನು ಬೆಳ್ಳಿಬಣ್ಣದಿಂದ ಬಳಿದರೆ ಅವು ಬಳಿದಂತೆಯೇ ಕಾಣುತ್ತವೆ. ಬಲ್ಲವರು ಅತಿ ತೆಳುವಾದ, ಹಿಂಬದಿಯಲ್ಲಿ ಅಂಟುಳ್ಳ ಲೋಹದ ಹಾಳೆಯನ್ನು ಒತ್ತಿ, ಹರಿತವಾದ ಅಲಗಿನಿಂದ ಅಂಚನ್ನು ಕೊಯ್ದು ತೆಗೆಯುತ್ತಾರೆ. ಎಂಜಿನಿನ ಎಂಟು ಸಿಲಿಂಡರುಗಳಿಗೂ ಕೂದಲೆಳೆಯಂತಹ ತಂತಿಯನ್ನು ಎಳೆಯುವವರುಂಟು. ಕಾಲಡಿಯ ಜಮಖಾನಕ್ಕಾಗಿ ನಾರಿನ ಪುಡಿಯನ್ನು ಅಂಟಿನ ಮೇಲೆ ಉದುರಿಸುವವರುಂಟು. ಒಂದು ಪೆಟ್ಟಿಗೆಯ ಎಂಜಿನನ್ನೂ ಇನ್ನೊಂದರ ಚಕ್ರಗಳನ್ನೂ ಮತ್ತೊಂದರ ಮೈಗೆ ಸೇರಿಸುವುದಂತೂ ಎಲ್ಲರೂ ಮಾಡುವ ಕೆಲಸ. ಮೂರು ಹಾದಿಯ ಪೆಟ್ಟಿಗೆಯನ್ನು ಕೊಂಡು ನಾಲ್ಕನೆಯ ಹಾದಿಯನ್ನು ಹುಡುಕುವುದರಲ್ಲೇ ಇದರ ಸ್ವಾರಸ್ಯವಿದೆ.

ಸಾಸಿವೆಯ ಘಾಟು

ಗೃಹಸ್ಥರು ಅರಿತಿರಬೇಕಾದ ಒಂದು ಅಪಾಯವೂ ಉಂಟು. ಈ ಅಂಟುಗಳಲ್ಲಿಯೂ ಬಣ್ಣಗಳಲ್ಲಿಯೂ ಬೇಗ ಆವಿಯಾಗುವ ದ್ರಾವಕಗಳಿರುತ್ತವೆ. ೧೯೬೦ರ ದಶಕದಲ್ಲಿ ಅಮೆರಿಕೆಯ ಕೆಲವು ಬಾಲಕರು ಅಮಲಿಗಾಗಿ ಅಂಟನ್ನೇ ಮೂಸುವ ದುಶ್ಚಟಕ್ಕೆ ಬಿದ್ದರು. ಅದು ನರಗಳನ್ನು ಕೆಡಿಸುತ್ತದೆ, ಪ್ರಾಣವನ್ನೂ ತೆಗೆಯಬಲ್ಲುದು. ನಿರ್ದೋಷವಾದ ಹವ್ಯಾಸದ ಮೇಲೆ ಅಪವಾದ ಬಂದಿತು. ತಾಯಂದಿರು ಅಂಟಿನ ಕೊಳವೆಯನ್ನು ಕಂಡರೆ ಬೆಚ್ಚುವಂತಾಯಿತು. ೧೯೬೯ರಲ್ಲಿ ಟೆಸ್ಟರ್ ಎಂಬ ಕಂಪೆನಿ ತನ್ನ ಅಂಟಿಗೆ ಸಾಸಿವೆಯ ಎಣ್ಣೆಯ ಸತ್ತ್ವವನ್ನು ಬೆರೆಸಿತು. ಒಗ್ಗರಣೆಯ ಮನೆಯಲ್ಲಿ ಬೆಳೆದ ನಮ್ಮವರಿಗೆ ಅರೆದ ಸಾಸಿವೆಯ ಘಾಟು ಮೂಗಿಗೆ ಏರಿದರೆ ಏನಾಗುತ್ತದೆಂದು ಹೇಳಬೇಕಾದುದಿಲ್ಲ. ಬೇಕೆಂದು ಮೂಸಿದವನಿಗೆ ಕಣ್ಣೀರೇ ಫಲ. ಇಂದಿಗೂ ಈ ಕೆಲಸವನ್ನು ಕಿಟಕಿ ತೆರೆದ ಕೋಣೆಯಲ್ಲಿ ಮಾಡಬೇಕು. ಬಣ್ಣ ಸಿಂಪಡಿಸುವಾಗ ಆವಿಯನ್ನು ತಡೆಯುವ ಮುಖಕವಚವನ್ನು ಧರಿಸಬೇಕು. ಹರಿತವಾದ ಅಲಗನ್ನು ಚಿಕ್ಕ ಮಕ್ಕಳ ಕೈಗೆ ಒಬ್ಬಂಟಿಯಾಗಿ ಬಿಡಬಾರದು.

ಅಚ್ಚು ಅಳಿದರೂ ಉಳಿದ ಕಾರು

ಪ್ರತಿವರ್ಷವೂ ಕಾರಿನ ರೂಪ ಬದಲಾಗುತ್ತಿದ್ದಿತೆಂದು ಮೇಲೆ ಹೇಳಿದೆವು. ಪೆಟ್ಟಿಗೆಯ ಕಂಪೆನಿಗಳೂ ಆ ಓಟದೊಡನೆ ಓಡಬೇಕಾಯಿತು. ಉಕ್ಕಿನ ಅಚ್ಚಿಗೆ ಬಹಳ ಹಣ ಹಿಡಿಯುವುದರಿಂದ, ಹೊಸ ವರ್ಷದ ಕಾರಿಗಾಗಿ ಹಳೆಯ ಅಚ್ಚನ್ನೇ ಕೊರೆದು ತಿದ್ದುತ್ತಿದ್ದರು. ಹೊಸದು ಹುಟ್ಟಿದಾಗ ಹಳೆಯದು ಅಳಿಯಿತು. ಹೀಗೆ ೧೯೬೦ರ ಸುಮಾರಿನ ಅನೇಕ ಪೆಟ್ಟಿಗೆಗಳನ್ನು ಮತ್ತೆ ಅದೇ ಅಚ್ಚಿನಿಂದ ತೆಗೆಯುವುದು ಸಾಧ್ಯವೇ ಇಲ್ಲ. ಅದಕ್ಕೂ ಹಿಂದೆ ಅಂಗಡಿಗಳಲ್ಲಿ ಹಂಚಿದ ಪ್ರತಿಕೃತಿಗಳ ಪಾಡು ಇನ್ನೂ ಕಷ್ಟ. ಅವುಗಳಿಗೆ ಬಳಸಿದ ಅಸಿಟೇಟ್ ಎಂಬ ಪ್ಲಾಸ್ಟಿಕ್ಕು ವರ್ಷಗಳು ಕಳೆದಂತೆ ಬಿಸಿಲಿಗಿಟ್ಟ ಹಪ್ಪಳದಂತೆ ತಾನಾಗಿ ಸೊಟ್ಟಗಾಗುತ್ತದೆ.

ಇದರಿಂದ ಒಂದು ವಿಚಿತ್ರವಾದ ವ್ಯಾಪಾರ ಬೆಳೆದಿದೆ. ಎಂದೂ ತೆರೆಯದ ಹಳೆಯ ಪೆಟ್ಟಿಗೆಗೆ ಹೆಚ್ಚು ಬೆಲೆ. ಆಗಿನ ಬಾಲಕನು ಕಟ್ಟಿ, ಬೆರಳಿನ ಗುರುತು ಮೂಡಿಸಿ, ಅಂಟು ಸುರಿಸಿದ ಕಾರಿಗೆ ಕಡಿಮೆ ಬೆಲೆ. ಸಂಗ್ರಾಹಕನ ದೃಷ್ಟಿಯಿಂದ ಇದು ಸರಿಯಿರಬಹುದು. ಆದರೆ ಉಪಯೋಗದ ದೃಷ್ಟಿಯಿಂದ ನೋಡಿದರೆ, ತೆರೆಯದ ಪೆಟ್ಟಿಗೆಯು ಬಿತ್ತದೆ ಕಣಜದಲ್ಲಿಟ್ಟ ಬೀಜದಂತೆ. ಅದು ಯಾರಿಗೂ ಏನನ್ನೂ ಕಲಿಸಲಿಲ್ಲ. ಯಾವ ಬಾಲಕನನ್ನೂ ರಾತ್ರಿ ಊಟಕ್ಕೆ ಎರಡು ಸಲ ಕೂಗಿ ಕರೆಯುವಂತೆ ಮಾಡಲಿಲ್ಲ. ಸಂತೋಷದ ಮಾತೆಂದರೆ, ಅಂಟಿನಲ್ಲಿ ಮುಳುಗಿದ ಹಳೆಯ ಕಾರುಗಳನ್ನು ಹುಡುಕಿ ತಂದು, ಬಣ್ಣವನ್ನು ಕಳಚಿ, ಬೆಸುಗೆಗಳನ್ನು ಬಿಡಿಸಿ, ಮುರಿದ ಭಾಗವನ್ನು ಹೊಸದಾಗಿ ಮಾಡಿ ಜೀರ್ಣೋದ್ಧಾರ ಮಾಡುವವರೂ ಈ ಹವ್ಯಾಸದಲ್ಲಿ ಅನೇಕರಿದ್ದಾರೆ. ಅಳಿದ ಅಚ್ಚಿನ ಸಾಕ್ಷಿಯಾಗಿ ಉಳಿದಿರುವುದು ಬಹುಮಟ್ಟಿಗೆ ಬಾಲಕರ ಕೈ ಹಾಳುಮಾಡಿದ ಈ ಕಾರುಗಳೇ ಎಂಬುದನ್ನು ನೆನೆದರೆ ‘ಹಾಳು’ ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆನಿಸುತ್ತದೆ.

೧೯೭೩ರಲ್ಲಿ ಕಲ್ಲೆಣ್ಣೆಯ ಬೆಲೆ ಏರಿದಾಗ ಪ್ಲಾಸ್ಟಿಕ್ಕಿನ ಬೆಲೆಯೂ ಏರಿತು. ಮಕ್ಕಳ ಮನಸ್ಸನ್ನು ಬೇರೆ ಆಟಗಳೂ ಸೆಳೆದುವು. ಎಎಂಟಿ ಕಂಪೆನಿ ಕೈಯಿಂದ ಕೈಗೆ ಹೋಯಿತು. ಆದರೂ ಅದರ ಹೆಸರಿನ ಪೆಟ್ಟಿಗೆಗಳೂ ರೆವೆಲ್ ಹೆಸರಿನವೂ ಇಂದಿಗೂ ಬರುತ್ತಿವೆ. ಅಂದಿನ ಬಾಲಕರು ಇಂದು ಅಜ್ಜಂದಿರಾಗಿ ಅವನ್ನು ಕೊಳ್ಳುತ್ತಿದ್ದಾರೆ. ಪೆಟ್ಟಿಗೆಯಲ್ಲಿಲ್ಲದ ಭಾಗವನ್ನು ಗಣಕಯಂತ್ರದಲ್ಲಿ ಬರೆದು ಪದರ ಪದರವಾಗಿ ಮುದ್ರಿಸಿಕೊಳ್ಳುವ ಉಪಾಯವೂ ಈಗ ಬಂದಿದೆ. ಇದರಿಂದ ಕೈಕೆಲಸ ಕುಂದೀತೆಂದು ಹೆದರುವವರುಂಟು. ಆದರೆ ಯಾವ ಯಂತ್ರವೂ ಮಾಡನ್ನು ಎಷ್ಟು ತಗ್ಗಿಸಿದರೆ ಅಂದವೆಂದು ಹೇಳಲಾರದು. ಅದನ್ನು ನಿರ್ಣಯಿಸುವ ಕಣ್ಣು ಕಟ್ಟುವವನದೇ.

ಇಂತಹ ಪೆಟ್ಟಿಗೆಯೊಂದು ಮನೆಗೆ ಬಂದರೆ ಹಿರಿಯರಿಗೆ ನಾವು ಹೇಳುವ ಮಾತು ಇಷ್ಟೆ. ಮಗುವಿನ ಕೈಯಿಂದ ಅದನ್ನು ಕಸಿದು ಅಂದವಾಗಿ ಕಟ್ಟಿಕೊಡಬೇಡಿರಿ. ಮೊದಲನೆಯ ಕಾರಿನ ಗಾಜು ಮಸುಕಾಗಲಿ, ಬಣ್ಣ ಇಳಿಯಲಿ, ಚಕ್ರ ಸೊಟ್ಟಗಾಗಲಿ. ಪಟದಲ್ಲಿ ಕೆಂಪಾಗಿರುವ ಕಾರಿಗೆ ಮಗಳು ಹಸಿರು ಬಳಿದರೆ, ಏಕೆಂದು ಕೇಳಿರಿ, ತಪ್ಪೆಂದು ಹೇಳಬೇಡಿರಿ. ಹಾರ್ಲಿ ಅರ್ಲರ ಮಣ್ಣಿನ ಕಾರೂ ಜೋರ್ಡನ್ನರ ಬಹುಮಾನದ ಕಾರೂ, ಇದ್ದುದನ್ನು ಇದ್ದಂತೆ ಒಪ್ಪದ ಇಂತಹದೇ ಮನಸ್ಸಿನಿಂದ ಹುಟ್ಟಿದುವು. ಎರಡನೆಯ ಕಾರು ಮೊದಲನೆಯದಕ್ಕಿಂತ ಚೆನ್ನಾಗಿರುತ್ತದೆ. ಆದರೂ ಮೊದಲನೆಯದನ್ನು ಎಸೆಯದೆ ಕಪಾಟಿನಲ್ಲಿ ಅದರ ಪಕ್ಕದಲ್ಲೇ ಇಡಿರಿ. ಕೈ ಎಷ್ಟು ಪಳಗಿತೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ.